ಬೈರಪ್ಪನವರಿಗೆ ಹಿಡಿದ ಮಾತ್ರೆ

ಲಗ್ಗೆರೆ, ಬೆಂಗಳೂರು
8 ಜೂನ್ 2003

ಚೇತೂ,

ಈ ಪತ್ರವನ್ನು ಹಾಸ್ಟೆಲಿನ ಗೆಳತಿಯರ ನಡುವೆ ಕೂತು ಓದಬೇಡ. ಒಬ್ಬಳೇ ಇದ್ದಾಗ ಓದು.

ಹೋದ ತಿಂಗಳು ನಾನು ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಅಪ್ಪ ಫೋನಿನಲ್ಲಿ ಹೇಳಿದರಲ್ಲ, ಅದು ಸುಳ್ಳು. ಜಾರಲಿಲ್ಲ. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಎಚ್ಚರ ತಪ್ಪಿತಂತೆ. ಅವ್ವ ಬೀಗದ ಕೈಗೊಂಚಲನ್ನು ನನ್ನ ಮುಷ್ಟಿಯಲ್ಲಿಟ್ಟು ಕೂಗಿಕೊಂಡಳಂತೆ. ನನಗೆ ನೆನಪಿರುವುದು, ಎದ್ದಾಗ ನಾಲಿಗೆ ಕಚ್ಚಿಹೋಗಿ ರಕ್ತ ಬರುತ್ತಿದ್ದುದು ಮಾತ್ರ. ಮೊನ್ನೆ ಮತ್ತೆ ಹಾಗೇ ಆಯಿತು. ಅಪ್ಪ ಪೀಣ್ಯದ ಕೆಲಸಕ್ಕೆ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಫಿಟ್ಸ್ ಎಂದರು.

ಇದನ್ನು ಫೋನಿನಲ್ಲಿ ಮಾತಾಡುವಂತಿಲ್ಲ. ಫೋನಿರುವುದು ಮನೆ ಮಾಲೀಕರಾದ ಮುನಿಲಕ್ಷ್ಮಮ್ಮನವರ ಹಜಾರದಲ್ಲಿ. ಅಲ್ಲಿ ನಮ್ಮ ಗಾರ್ಮೆಂಟ್ಸಿನ ಹುಡುಗಿಯರು ತಮ್ಮ ಊರಿನ ಫೋನಿಗೆ ಕಾದು ಕೂತಿರುತ್ತಾರೆ. ಫಿಟ್ಸ್ ಇದ್ದವಳನ್ನು ಮಷೀನಿನ ಮುಂದೆ ಯಾರು ಕೂರಿಸುತ್ತಾರೆ? ನನ್ನನ್ನು ಸ್ಯಾಂಪಲ್ ಟೈಲರ್ ಮಾಡಿದ್ದು ಈ ಯುಗಾದಿಗೆ. ಇಡೀ ಮಹಡಿಯಲ್ಲಿ ಒಂದು ಅಂಗಿಯನ್ನು ಕಾಲರಿನಿಂದ ಗುಂಡಿಯವರೆಗೆ ಒಬ್ಬಳೇ ಹೊಲಿಯಬಲ್ಲವರು ನಾವು ಕೆಲವರೇ. ವಿಜಯನಗರದ ಮಾರ್ಕೆಟ್ಟಿನ ಹಿಂದೆ ಒಂದು ಪುಟ್ಟ ಬ್ಲೌಸಿನ ಅಂಗಡಿ, ಬೋರ್ಡಿನ ಮೇಲೆ ‘ವಿಜಯಶ್ರೀ’ ಎಂದು ನನ್ನ ಹೆಸರು, ನನ್ನದೇ ಅಕ್ಷರ. ಈ ಆಸೆ ನಿನಗೊಬ್ಬಳಿಗೇ ಗೊತ್ತು. ನನ್ನ ಬಳಿ ಇರುವುದು ಈ ಎರಡು ಕೈ, ಚೇತೂ. ಅದಕ್ಕೇ ಹೆದರಿಕೆ.

ಡಾಕ್ಟರು ಒಳ್ಳೆಯವರು. ರಾತ್ರಿ ಎರಡು ಮಾತ್ರೆ ಬರೆದುಕೊಟ್ಟು, “ಇದು ಎಲ್ರಿಗೂ ಒಂದೇ ಥರ ಕೂರಲ್ಲಮ್ಮ. ಎರಡರಿಂದ ಶುರು ಮಾಡೋಣ. ತಿಂಗಳಾದ್ಮೇಲೆ ಬನ್ನಿ, ನಡಿಗೆ ನೋಡ್ಬೇಕು, ಕಣ್ಣು ನೋಡ್ಬೇಕು. ತಲೆ ಸುತ್ತಿದ್ರೆ ಅದಕ್ಕೂ ಮುಂಚೆನೇ ಬಂದ್ಬಿಡಿ” ಅಂದರು.

ಮೆಡಿಕಲ್ ಸ್ಟೋರಿನಲ್ಲಿ ಮುನಿಲಕ್ಷ್ಮಮ್ಮನವರ ತಮ್ಮ ಬೈರಪ್ಪನವರು ಸಿಕ್ಕಿಬಿಡಬೇಕೆ! ಲೇಔಟಿನ ನಡುವೆ ಇನ್ನೂ ಹಸು ಕಟ್ಟಿಕೊಂಡಿದ್ದಾರಲ್ಲ, ಅವರೇ. ಅವರಿಗೂ ಅದೇ ಕಾಯಿಲೆ, ಅದೇ ಮಾತ್ರೆ. “ಓ, ನೀನೂ ನಮ್ ಪಾರ್ಟಿನಾ? ನಾನು ದಿನಾ ಮೂರು ನುಂಗ್ತೀನಿ ಕಣಮ್ಮ, ನುಂಗಿ ಎರಡು ಮುದ್ದೆ ಹೊಡೀತೀನಿ. ಮಾತ್ರೆ ನೆಪ ಅಷ್ಟೆ, ಡಾಕ್ಟ್ರ ಕೈಗುಣ ಚೆನ್ನಾಗಿರ್ಬೇಕು” ಅಂದರು. ಯಾರಿಗೂ ಹೇಳುವುದಿಲ್ಲವೆಂದು ಹಸುವಿನ ಮೇಲೆ ಆಣೆ ಮಾಡಿದ್ದಾರೆ.

ಅವ್ವ ಅನ್ನುತ್ತಾಳೆ: “ಮನ್ಯಾಗ ಡಾಕ್ಟ್ರನ್ನ ಇಟ್ಕೊಂಡು ಮಂದಿ ಡಾಕ್ಟ್ರ ಮಾತು ಯಾಕ ಕೇಳ್ಬೇಕು? ಚೇತನಾಗ ಬರಿ.” ಬರೆದಿದ್ದೇನೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ ಕಳೆದ ಪತ್ರದಲ್ಲಿ ‘ಳ’ ಇನ್ನೂ ಸೋಮಾರಿಯಾಗಿಯೇ ಮಲಗಿತ್ತು. ನಾನು ನಿನಗೆ ಅಕ್ಷರ ತಿದ್ದಿಸುತ್ತಿದ್ದ ಸ್ಲೇಟಿನ ಕಾಲವಾಗಿದ್ದರೆ ನನ್ನ ಸರಿ ಗುರುತು ಸಿಗುತ್ತಿರಲಿಲ್ಲ. ಗುರುತಿನ ಬಾಲ ಸ್ಲೇಟಿನ ಕಟ್ಟು ಮುಟ್ಟಿದರೆ ಮಾತ್ರ ಪೂರ್ತಿ ಅಂಕವೆಂದು ಹಟ ಮಾಡುತ್ತಿದ್ದೆಯಲ್ಲ, ಈಗ ನೆನಪಾದರೆ ನಗು ಬರುತ್ತದೆ.

ನಿನ್ನ
ಅಕ್ಕ

*

ಹುಬ್ಬಳ್ಳಿ
17 ಜೂನ್ 2003

ಅಕ್ಕ,

ನಿನ್ನ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ಬಾರಿ ತಂಗಿಯಾಗಿ ಓದಿ ಅತ್ತೆ. ಎರಡನೆಯ ಬಾರಿ ವೈದ್ಯಕೀಯ ವಿದ್ಯಾರ್ಥಿನಿಯಾಗಿ ಓದಿದೆ. ಉತ್ತರವನ್ನು ಎರಡನೆಯವಳು ಬರೆಯುತ್ತಿದ್ದಾಳೆ. ಈಗ ನಿನಗೆ ಬೇಕಾಗಿರುವುದು ಅವಳೇ.

ಇದು ಶಾಪವಲ್ಲ, ಗಾಳಿಯಲ್ಲ. ಮಿದುಳಿನೊಳಗಿನ ವಿದ್ಯುತ್ತು ಕ್ಷಣಕಾಲ ಹಳಿ ತಪ್ಪುತ್ತದೆ, ಅಷ್ಟೆ. ಬೀಗದ ಕೈ ಹಿಡಿಸುವುದರಿಂದ ಅದು ನಿಲ್ಲುವುದಿಲ್ಲ; ಅವ್ವನಿಗೆ ಹೇಳು. ನಿನಗೆ ಕೊಟ್ಟಿರುವ ಮಾತ್ರೆ ಸರಿಯಾದದ್ದು. ಆದರೆ ಪ್ರಮಾಣ ಸರಿಯಾದದ್ದಲ್ಲ. ವಯಸ್ಕರಿಗೆ ದಿನಕ್ಕೆ ಮೂರು ಎಂದು ನನ್ನ ಮುಂದಿರುವ ಗ್ರಂಥದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಆ ವೈದ್ಯರು ಅಂಜುಬುರುಕರಿರಬೇಕು. ಅರ್ಧ ಮನಸ್ಸಿನಿಂದ ಕೊಟ್ಟ ಔಷಧಿ ಅರ್ಧ ರೋಗವನ್ನೇ ಉಳಿಸುತ್ತದೆ. ನೀನು ಮೂರು ತೆಗೆದುಕೊ.

ಕೈಗುಣವೆಂಬುದು ಇಲ್ಲ. ತನ್ನನ್ನು ಯಾರ ಕೈ ಕೊಟ್ಟಿತೆಂದು ರಾಸಾಯನಿಕಕ್ಕೆ ತಿಳಿಯದು. ಬೈರಪ್ಪನವರಿಗೆ ಮೂರು ಮಾತ್ರೆ ಹಿಡಿದಿದ್ದರೆ ಅದಕ್ಕೆ ಕಾರಣ ಆ ಪ್ರಮಾಣ ಸರಿಯಾಗಿರುವುದೇ ಹೊರತು ಅವರ ಹಸುವೂ ಅಲ್ಲ, ಮುದ್ದೆಯೂ ಅಲ್ಲ. ನಿನಗೂ ಅದೇ ಹಿಡಿಯುತ್ತದೆ. ಇದು ಲೆಕ್ಕ, ಅಕ್ಕ. ಲೆಕ್ಕದಲ್ಲಿ ನಾನು ಯಾವಾಗ ತಪ್ಪಿದ್ದೇನೆ?

ತಿಂಗಳು ತಿಂಗಳು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ. ಅಲ್ಲಿ ನಿನ್ನನ್ನು ಯಾರಾದರೂ ಕಂಡರೆ ಗುಟ್ಟು ರಟ್ಟಾಗುತ್ತದೆ. ಏನಾದರೂ ಅನುಮಾನವಿದ್ದರೆ ನನಗೆ ಬರೆ. ಔಷಧಶಾಸ್ತ್ರದಲ್ಲಿ ನಮ್ಮ ತರಗತಿಗೆ ನಾನೇ ಮೊದಲಿಗಳು. ಎರಡನೆಯವನು ನನಗಿಂತ ಬಹಳ ಹಿಂದಿದ್ದಾನೆ.

ನಿನ್ನ ಅಂಗಡಿಯ ಬೋರ್ಡಿಗೆ ನೀಲಿ ಬಣ್ಣವಿರಲಿ.

ಚೇತನಾ

(‘ಳ’ ಗಮನಿಸು. ಎದ್ದು ಕೂತಿದೆ.)

*

ಲಗ್ಗೆರೆ
3 ಆಗಸ್ಟ್ 2003

ಚೇತೂ,

ನಿನ್ನ ಪತ್ರ ಬಂದ ದಿನದಿಂದಲೇ ಮೂರು. ಮತ್ತೆ ಫಿಟ್ಸ್ ಬಂದಿಲ್ಲ! ಅವ್ವ ನಿನ್ನ ಪತ್ರವನ್ನು ದೇವರ ಗೂಡಿನಲ್ಲಿಟ್ಟಿದ್ದಾಳೆ. ಅದು ದೇವರಿಗೆ ಓದಲು ಬರೆದದ್ದಲ್ಲ ಎಂದರೆ, “ಇರ್ಲಿ, ಓದ್ಕೊಳ್ಳಿ, ಶ್ಯಾಣ್ಯಾ ಆಗ್ತಾನ” ಅನ್ನುತ್ತಾಳೆ.

ಮುನಿಲಕ್ಷ್ಮಮ್ಮನವರ ಸೊಸೆ ಲತಾ ರೇಷ್ಮೆ ಬ್ಲೌಸ್ ಹೊಲಿಯಲು ಕೊಟ್ಟಿದ್ದಾಳೆ. ಮನೆಯ ಮಷೀನಿನಲ್ಲಿ ಭಾನುವಾರಗಳಲ್ಲಿ ಮಾಡುತ್ತಿದ್ದೇನೆ. “ಬೋಟಿಕ್‌ನಲ್ಲಿ ಹೊಲಿಸ್ದಂಗೆ ಇರ್ಬೇಕು, ಆದ್ರೆ ಬೋಟಿಕ್‌ನೋರ ಥರ ಕಾಯಿಸ್ಬಾರ್ದು” ಎಂದು ಗದರಿಸಿ ಹೋದಳು. ಒಳ್ಳೆಯ ಹುಡುಗಿ.

ಒಂದು ಸಣ್ಣ ಮಾತು. ಬೆಳಗ್ಗೆ ಫ್ಯಾಕ್ಟರಿಯ ವ್ಯಾನ್ ಹತ್ತುವಾಗ ಮೆಟ್ಟಿಲು ಇರುವ ಜಾಗಕ್ಕಿಂತ ಸ್ವಲ್ಪ ಆಚೆ ಇರುವ ಹಾಗೆ ಕಾಣುತ್ತದೆ. ಸೂಜಿಗೆ ದಾರ ಪೋಣಿಸಲು ಮೊದಲು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಈಗ ಎರಡು ಮೂರು ಸಲ ಬೇಕಾಗುತ್ತದೆ. ಮಾತು ಕೂಡ ಬಾಯಲ್ಲಿ ಅನ್ನವಿಟ್ಟುಕೊಂಡು ಆಡಿದ ಹಾಗೆ ಎಂದು ಅಪ್ಪ ಹೇಳಿದರು. ನಿದ್ದೆ ಸಾಲದೆ ಇರಬಹುದು. ಬೈರಪ್ಪನವರನ್ನು ಕೇಳಿದೆ. “ನಂಗೆ ಹಂಗೇನೂ ಆಗಿಲ್ವಲ್ಲಮ್ಮ, ಹನ್ನೆರಡು ವರ್ಷದಿಂದ ನುಂಗ್ತಾ ಇದೀನಿ” ಅಂದರು.

ಡಾಕ್ಟರು ತಲೆ ಸುತ್ತಿದರೆ ಬಾ ಎಂದಿದ್ದರು. ಹೋಗಲೇ?

ಅಕ್ಕ

*

ಹುಬ್ಬಳ್ಳಿ
14 ಆಗಸ್ಟ್ 2003

ಅಕ್ಕ,

ಪರೀಕ್ಷೆ ಹತ್ತಿರವಿರುವುದರಿಂದ ಚಿಕ್ಕದಾಗಿ ಬರೆಯುತ್ತೇನೆ.

ಮಂಪರು ಆರಂಭದಲ್ಲಿ ಸಹಜ. ದೇಹ ಹೊಂದಿಕೊಳ್ಳುತ್ತದೆ. ಫಿಟ್ಸ್ ನಿಂತಿದೆಯಲ್ಲ, ಅದೇ ಸಾಕ್ಷಿ. ಬೈರಪ್ಪನವರನ್ನು ಕೇಳುವುದನ್ನು ನಿಲ್ಲಿಸು. ಅವರು ಹಸುವಿಗೆ ವೈದ್ಯರಾಗಲಿ. ನಿನ್ನ ದೂರುಗಳನ್ನು ನಾನು ಪುಸ್ತಕದೊಂದಿಗೆ ಹೋಲಿಸಿ ನೋಡಿದ್ದೇನೆ.

ಆದರೆ ಒಂದು ಆಕ್ಷೇಪ. ಈ ಸಲದ ನಿನ್ನ ಅಕ್ಷರ ನನಗೆ ಹಿಡಿಸಲಿಲ್ಲ. ಸಾಲುಗಳು ಬಲಕ್ಕೆ ಹೋದಂತೆ ಕೆಳಗಿಳಿದಿವೆ. ನನ್ನ ಒಂದು ‘ಳ’ಕ್ಕೆ ಇಷ್ಟು ವರ್ಷ ಪೀಡಿಸಿದವಳು ನೀನು. ನನಗಾಗಿ ಸ್ವಲ್ಪ ಸಮಯ ಕೊಟ್ಟು ಬರೆ.

ಚೇತನಾ

*

ಲಗ್ಗೆರೆ
28 ಸೆಪ್ಟೆಂಬರ್ 2003

ಚೇತೂ,

ನಿಧಾನವಾಗಿ ಬರೆಯುತ್ತಿದ್ದೇನೆ. ಅಕ್ಷರಕ್ಕೆ ಬೈಯಬೇಡ.

ಮೊನ್ನೆ ಲತಾಳ ಬ್ಲೌಸಿನ ಲೈನಿಂಗ್ ತರಲು ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ಹೂವಿನವರ ಸಾಲು ದಾಟುವಾಗ ಬಿದ್ದೆ. ಎಚ್ಚರವಿತ್ತು, ಚೇತೂ. ಪೂರ್ತಿ ಎಚ್ಚರವಿತ್ತು. ಸೇವಂತಿಗೆ ಬುಟ್ಟಿಯ ಮೇಲೆ ಬಿದ್ದೆ, ಹೂವಿನವಳು, “ಏನಮ್ಮ, ಕಣ್ ಕಾಣಲ್ವಾ? ಹೂವಾ ಹಾಸಿಗೆನಾ?” ಅಂದದ್ದೂ ಕೇಳಿತು. ಪಕ್ಕದ ಅಂಗಡಿಯವನು, “ಬಿಡಕ್ಕ, ಟೈಟಾಗಿದಾಳೆ” ಅಂದದ್ದೂ ಕೇಳಿತು. ನಾಲಿಗೆ ಕಚ್ಚಿಕೊಳ್ಳಲಿಲ್ಲ. ಕಾಲು ಇಟ್ಟ ಕಡೆ ನೆಲ ಇರಲಿಲ್ಲ, ಅಷ್ಟೆ. ಬಸ್ಸಿನ ನಂಬರು ಎರಡೆರಡಾಗಿ ಕಾಣುತ್ತಿತ್ತು.

ಫ್ಯಾಕ್ಟರಿಯಲ್ಲೂ ಸೂಪರ್‌ವೈಸರ್ ಬಾಯಿ ಮೂಸಿ ನೋಡಿದರು. “ಬೆಳಿಗ್ಗೆನೇ ಹಾಕ್ಕೊಂಡ್ ಬರ್ತೀಯೇನಮ್ಮ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಫಿಟ್ಸ್ ಎಂದು ಹೇಳುವುದಕ್ಕಿಂತ ಅದೇ ಮೇಲಲ್ಲವೇ?

ನನಗೆ ಅರ್ಥವಾಗದಿರುವುದನ್ನು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅದೇ ಅಂಗಡಿ, ಅದೇ ಬಣ್ಣದ ಮಾತ್ರೆ, ಅದೇ ಮೂರು. ಬೈರಪ್ಪನವರು ಹಾಲಿನ ಕ್ಯಾನು ಹೊತ್ತು ಸೈಕಲ್ ತುಳಿಯುತ್ತಾರೆ. ನಾನು ಗೋಡೆ ಹಿಡಿದು ನಡೆಯುತ್ತೇನೆ. ಒಂದೇ ಮಾತ್ರೆ ಅವರಿಗೆ ಹಾಗೆ, ನನಗೆ ಹೀಗೆ ಯಾಕೆ? ನನ್ನ ಮೈಯೇ ಬೇರೆಯಾ? ಎರಡಕ್ಕೆ ಇಳಿಸಿ ನೋಡಲೇ? ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇ? ಅಪ್ಪ ಹೋಗೋಣ ಅನ್ನುತ್ತಾರೆ. ಅವ್ವ, “ಚೇತನಾನ ಕೇಳಲಾರದ ಹೆಜ್ಜಿ ಇಡಬ್ಯಾಡ್ರಿ” ಅನ್ನುತ್ತಾಳೆ.

ಬ್ಲೌಸಿಗೆ ಒಂದು ತೋಳು ಹಚ್ಚಿದ್ದೇನೆ.

ಅಕ್ಕ

*

ಹುಬ್ಬಳ್ಳಿ
6 ಅಕ್ಟೋಬರ್ 2003

ಅಕ್ಕ,

ನೀನು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀಯೆ ಎಂಬ ಅನುಮಾನ ಬಹಳ ದಿನಗಳಿಂದ ಇತ್ತು. ಈಗ ಖಚಿತವಾಗಿದೆ. ನೀನು ಮಾತ್ರೆ ತಪ್ಪಿಸುತ್ತಿದ್ದೀಯೆ.

ಮಾರ್ಕೆಟ್ಟಿನಲ್ಲಿ ಆದದ್ದು ಫಿಟ್ಸ್. ಎಚ್ಚರವಿತ್ತೆಂದು ನಿನಗೆ ಅನ್ನಿಸಿರಬಹುದು. ರೋಗಿ ತನ್ನ ಫಿಟ್ಸಿಗೆ ತಾನೇ ಸಾಕ್ಷಿಯಾಗಲಾರಳು ಎಂದು ನಮ್ಮ ಗ್ರಂಥವೇ ಹೇಳುತ್ತದೆ. ನೆನಪಿನ ಅಂಚುಗಳನ್ನು ಮಿದುಳು ತಾನೇ ಹೊಲಿದುಕೊಂಡುಬಿಡುತ್ತದೆ. ನಡುವೆ ಕತ್ತರಿಸಿಹೋದದ್ದು ನಿನಗೆ ಕಾಣುವುದಿಲ್ಲ.

ಮೂರರಲ್ಲೂ ಫಿಟ್ಸ್ ಬಂದರೆ ಮುಂದಿನ ಹೆಜ್ಜೆ ಇಳಿಸುವುದಲ್ಲ, ಏರಿಸುವುದು. ಇಂದಿನಿಂದ ನಾಲ್ಕು. ಅವ್ವನ ಕಣ್ಣೆದುರು ನುಂಗು. ಆಸ್ಪತ್ರೆಗೆ ಹೋದರೆ ಅವರೂ ಇದನ್ನೇ ಮಾಡುತ್ತಾರೆ, ನಿನ್ನ ಒಂದು ದಿನವನ್ನು ನುಂಗಿದ ಮೇಲೆ.

“ನನ್ನ ಮೈಯೇ ಬೇರೆಯಾ” ಎಂದು ಕೇಳಿದ್ದೀಯೆ. ಪ್ರತಿಯೊಬ್ಬ ರೋಗಿಯೂ ತಾನು ಬೇರೆ ಎಂದುಕೊಳ್ಳುತ್ತಾನೆ. ಹಾಗಿದ್ದರೆ ವಿಜ್ಞಾನವೇ ಇರುತ್ತಿರಲಿಲ್ಲ, ಊರಿಗೊಂದು ಕಷಾಯವಿರುತ್ತಿತ್ತು.

ಕಠಿಣವಾಗಿ ಬರೆದಿದ್ದೇನೆ. ನೀನು ಚೆನ್ನಾಗಿರಬೇಕೆಂದೇ.

ಚೇತನಾ

*

ಲಗ್ಗೆರೆ
23 ನವೆಂಬರ್ 2003

ಚೇತೂ

ನಾಲ್ಕು ತಗೋತಿದೀನಿ. ಅವ್ವನ ಮುಂದೆ. ಒಂದೂ ತಪ್ಪಿಸಿಲ್ಲ. ಮೊದಲೂ ತಪ್ಪಿಸಿರಲಿಲ್ಲ.

ಎಲ್ಲ ಚೆನ್ನಾಗಿದೆ. ಫ್ಯಾಕ್ಟರಿಯಲ್ಲಿ ಹಗುರ ಕೆಲಸ ಕೊಟ್ಟಿದ್ದಾರೆ. ನೀನು ಓದಿಕೋ. ಚಳಿ ಇದೆ, ಸ್ವೆಟರ್ ಹಾಕಿಕೋ.

ಅಕ್ಕ

*

ಹುಬ್ಬಳ್ಳಿ
20 ಜನವರಿ 2004

ಅಕ್ಕ,

ಎರಡು ತಿಂಗಳಿಂದ ನಿನ್ನ ಪತ್ರವಿಲ್ಲ. ಕೋಪವೇ? ಸಂಕ್ರಾಂತಿಗೆ ಬರಲಾಗಲಿಲ್ಲ, ಪರೀಕ್ಷೆಯಿತ್ತು. ಫೋನು ಮಾಡಿದಾಗ ಅವ್ವ, “ಆಕಿ ಮಲಗ್ಯಾಳ” ಎಂದಳು. ಮಧ್ಯಾಹ್ನ ಮಲಗುವಷ್ಟು ಹಗುರವಾದ ಕೆಲಸವೆಂದರೆ ಒಳ್ಳೆಯದೇ.

ಸಂತೋಷದ ಸುದ್ದಿ. ಔಷಧಶಾಸ್ತ್ರದಲ್ಲಿ ಕಾಲೇಜಿಗೇ ಮೊದಲಿಗಳಾಗಿದ್ದೇನೆ. ಮುಖ್ಯ ಪ್ರಶ್ನೆ ಏನಿತ್ತು ಗೊತ್ತೆ? ಒಂದೇ ಔಷಧಿಯ ಒಂದೇ ಪ್ರಮಾಣಕ್ಕೆ ಬೇರೆ ಬೇರೆ ರೋಗಿಗಳು ಬೇರೆ ಬೇರೆಯಾಗಿ ಪ್ರತಿಕ್ರಿಯಿಸುವುದು ಏಕೆ, ವಿವರಿಸಿ. ನೀನು ಕೇಳಿದ್ದೂ ಅದನ್ನೇ! ಪರೀಕ್ಷೆಯ ಹಾಲಿನಲ್ಲಿ ಕೂತು ಮುಗುಳ್ನಕ್ಕೆ. ಬೈರಪ್ಪನವರನ್ನು ಉತ್ತರದಲ್ಲಿ ಸೇರಿಸಲಿಲ್ಲ, ಕ್ಷಮಿಸು. ಪುಸ್ತಕದ ಉದಾಹರಣೆಗಳನ್ನೇ ಕೊಟ್ಟೆ. ವಯಸ್ಸು, ತೂಕ, ಆಹಾರ, ಅನುವಂಶೀಯತೆ, ಎಲ್ಲವನ್ನೂ ಬರೆದೆ. ಕ್ಷಯದ ಮಾತ್ರೆಯನ್ನು ಕೆಲವರ ಯಕೃತ್ತು ಬೇಗ ಕರಗಿಸುತ್ತದೆ, ಕೆಲವರದು ನಿಧಾನವಾಗಿ. ಅದನ್ನು ಚಿತ್ರ ಬಿಡಿಸಿ ತೋರಿಸಿದೆ. ಪ್ರಾಧ್ಯಾಪಕರು ನನ್ನ ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿದರು.

ನಿನ್ನ ಕೊನೆಯ ಪತ್ರವನ್ನು ಓದಲು ಕಷ್ಟವಾಯಿತು. ವ್ಯಾನಿನಲ್ಲಿ ಕೂತು ಬರೆದೆಯಾ?

ಚೇತನಾ

*

ಹುಬ್ಬಳ್ಳಿ
9 ಮಾರ್ಚ್ 2004

ಅಕ್ಕ,

ಈ ಪತ್ರಕ್ಕಿಂತ ಮೊದಲೇ ನಾನು ಅಲ್ಲಿರುತ್ತೇನೆ. ಆದರೂ ಬರೆಯುತ್ತಿದ್ದೇನೆ, ರೈಲು ಹೊರಡುವವರೆಗೆ ಈ ಕೈಗಳನ್ನು ಏನು ಮಾಡಬೇಕೆಂದು ತಿಳಿಯುತ್ತಿಲ್ಲ.

ಇವತ್ತು ವಾರ್ಡಿನಲ್ಲಿ ಕುಂದಗೋಳದ ಕಡೆಯ ರೈತ, ದ್ಯಾಮಪ್ಪ ಎಂಬವರು, ಮಂಚದ ಮೇಲೆ ಕೂತಿದ್ದರು. ನಮಗೆ ಪಾಠ ಮಾಡುವ ಸರ್, ಅವರನ್ನು ಎಬ್ಬಿಸಿ ನಡೆಸಿದರು. ಕುಡಿದವರ ಹಾಗೆ ನಡೆದರು. ಬೆರಳಿನಿಂದ ಮೂಗು ಮುಟ್ಟಲು ಸರ್ ಹೇಳಿದರು, ದ್ಯಾಮಪ್ಪ ಕೆನ್ನೆ ಮುಟ್ಟಿದರು. ಆಮೇಲೆ ಕಾಗದ ಕೊಟ್ಟು, “ಹೆಸರು ಬರೀರಿ ಯಜಮಾನ್ರ” ಎಂದರು. ಆ ಕಾಗದ ಕೈಯಿಂದ ಕೈಗೆ ನನ್ನವರೆಗೆ ಬಂತು. ಸಾಲು ಬಲಕ್ಕೆ ಹೋದಂತೆ ಕೆಳಗಿಳಿದಿತ್ತು. ಒತ್ತಕ್ಷರ ತನ್ನ ಅಕ್ಷರವನ್ನು ಬಿಟ್ಟು ದೂರ ಹೋಗಿತ್ತು.

“ಇದು ಫಿಟ್ಸಿನ ಲಕ್ಷಣವಲ್ಲ, ಫಿಟ್ಸಿಗೆ ಕೊಟ್ಟ ಮಾತ್ರೆ ಮೈಯಲ್ಲಿ ಉಳಿದು ವಿಷವಾದದ್ದು” ಎಂದು ಸರ್ ಹೇಳುತ್ತಿದ್ದರು. ನನಗೆ ಮುಂದಿನದು ಕೇಳಲಿಲ್ಲ. ಹಾಸ್ಟೆಲಿಗೆ ಓಡಿ ಬಂದು ನಿನ್ನ ಪತ್ರಗಳನ್ನು ಹಾಸಿಗೆಯ ಮೇಲೆ ಹರಡಿದೆ. ಜೂನ್, ಆಗಸ್ಟ್, ಸೆಪ್ಟೆಂಬರ್, ನವೆಂಬರ್. ಓದುವ ಅಗತ್ಯವೇ ಇರಲಿಲ್ಲ, ಅಕ್ಕ. ದೂರದಲ್ಲಿ ನಿಂತು ನೋಡಿದರೆ ಸಾಕಾಗಿತ್ತು.

ಫೋನು ಮಾಡಿದೆ. ಮುನಿಲಕ್ಷ್ಮಮ್ಮನವರು, “ಯಾರು, ಡಾಕ್ಟ್ರಮ್ಮನಾ? ಎಷ್ಟೊತ್ಗೆ ನೆನಪಾಯ್ತಮ್ಮ ನಿಂಗೆ? ನಿಮ್ಮಕ್ಕನ್ನ ಕೆಲಸದಿಂದ ಬಿಡ್ಸಿ ಎರಡು ತಿಂಗಳಾಯ್ತು” ಎಂದರು. ನನಗೆ ಗೊತ್ತಿರಲಿಲ್ಲ. ಅವ್ವ ಬಂದಳು. ಇವತ್ತು ರಾತ್ರಿ ಮಾತ್ರೆ ಕೊಡಬೇಡ, ಬೆಳಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. “ಹುಚ್ಚಿ, ನಾಕು ಅಂತ ನೀನ ಬರ್ದೀದಿ! ಈಗ ನಿನ್ನ ಆ ಅಕ್ಷರನ ನನ್ನ ದೇವ್ರ ಗೂಡಿನ್ಯಾಗ ಐತಿ” ಎಂದಳು.

ಅಕ್ಕ, ಒಂದೂ ತಪ್ಪಿಸಿಲ್ಲ ಎಂದು ನೀನು ಬರೆದಿದ್ದೆ. ತಪ್ಪಿಸಿರಬಾರದೇ. ಒಂದು ದಿನವಾದರೂ ನನ್ನ ಮಾತು ಮೀರಿರಬಾರದೇ.

ಚೇತನಾ

*

ಹುಬ್ಬಳ್ಳಿ
18 ಏಪ್ರಿಲ್ 2004

ಅಕ್ಕ,

ಎದುರಿಗಿದ್ದಾಗ ಆಡಲಾಗದ ಮಾತನ್ನು ಬರೆಯುವುದು ಹೇಡಿತನ. ಆದರೂ ಬರೆಯುತ್ತೇನೆ.

ಆಸ್ಪತ್ರೆಯಲ್ಲಿ ಅದೇ ವೈದ್ಯರು ಇದ್ದರು. ನಾನು ಅಂಜುಬುರುಕರೆಂದು ಬರೆದಿದ್ದೆನಲ್ಲ, ಅವರು. ಹಳೆಯ ಚೀಟಿ ನೋಡಿ, “ನಾನು ಎರಡು ಬರ್ದಿದ್ದೆ. ನಾಲ್ಕು ಯಾರು ಮಾಡಿದ್ದು?” ಎಂದರು. ಅವ್ವ ನನ್ನ ಕಡೆ ತಿರುಗಿದಳು, ಹೆಮ್ಮೆಯಿಂದಲೇ. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಅಪ್ಪ ನೆಲ ನೋಡಿದರು. ಆಗ ನೀನು ಆ ದಪ್ಪ ನಾಲಿಗೆಯಿಂದ, ಒಂದೊಂದೇ ಅಕ್ಷರವನ್ನು ಹೊರಗೆ ತಳ್ಳಿ ಹೇಳಿದೆ: “ನಾನೇ ಸಾರ್. ಬೇಗ ವಾಸಿಯಾಗ್ಲಿ ಅಂತ ನಾನೇ ಜಾಸ್ತಿ ತಗೊಂಡೆ.” ಅವರು ನಿನಗೆ ಬೈದರು. ಎಲ್ಲರೆದುರು ಬೈದರು. ನಾನು ಕೈಕಟ್ಟಿ ನಿಂತು ಕೇಳಿದೆ.

ಬೇರೆ ಮಾತ್ರೆ ಕೊಟ್ಟಿದ್ದಾರೆ. ಫಿಟ್ಸ್ ಬಾರದೆ ಇರಬಹುದು. ಆದರೆ ಮಿದುಳಿನ ಹಿಂಭಾಗದಲ್ಲಿ, ಕೈಕಾಲುಗಳ ಲಯ ಕಾಯುವ ಭಾಗ ಸೊರಗಿದೆ ಎಂದು ಸ್ಕ್ಯಾನಿನ ಚಿತ್ರದಲ್ಲಿ ಕಂಡಿತು. ನಿನಗೆ “ನಿಧಾನವಾಗಿ ಸರಿಹೋಗುತ್ತದೆ” ಎಂದು ಹೇಳಿ ಬಂದೆ. ಅದು ಸುಳ್ಳು. ಅವರು ನನ್ನನ್ನು ಹೊರಗೆ ಕರೆದು, ನಾನೂ ಇದೇ ವಿದ್ಯೆಯವಳೆಂದು ಮರ್ಯಾದೆ ಕೊಟ್ಟು, ನಿಜ ಹೇಳಿದ್ದರು. ಇಷ್ಟು ತಿಂಗಳಾದ ಮೇಲೆ ಹೋದದ್ದು ಬಹುಶಃ ಬರುವುದಿಲ್ಲ.

ಹೊರಡುವ ದಿನ ನೀನು ಮತ್ತೆ ಕೇಳಿದೆ: ಬೈರಪ್ಪನವರಿಗೆ ಹಿಡಿದದ್ದು ನನಗೆ ಯಾಕೆ ಹಿಡಿಯಲಿಲ್ಲ, ಡಾಕ್ಟ್ರೆ? ನಾನು ಬಸ್ಸಿಗೆ ಹೊತ್ತಾಯಿತೆಂದೆ.

ಉತ್ತರ ಇದು. ನಿಮ್ಮ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ ನೆನಪಿಸಿಕೊ. ಹೊಲಿದ ಅಂಗಿಗಳು ಬಂದು ಬೀಳುತ್ತವೆ. ಕೂತವಳು ನೋಡಿ ನೋಡಿ ಆಚೆ ಕಳಿಸುತ್ತಾಳೆ. ನಮ್ಮ ಯಕೃತ್ತಿನಲ್ಲಿ ಈ ಮಾತ್ರೆಗೆ ಅಂಥ ಒಬ್ಬಳಿದ್ದಾಳೆ. ಬೈರಪ್ಪನವರ ಮೈಯಲ್ಲಿ ಅವಳ ಕೈ ಚುರುಕು. ಮೂರು ಬಂದರೂ ಸಂಜೆಯೊಳಗೆ ಟೇಬಲ್ ಖಾಲಿ. ನಿನ್ನ ಮೈಯಲ್ಲಿ, ಹುಟ್ಟಿನಿಂದಲೇ, ಅವಳ ಕೈ ನಿಧಾನ. ಎರಡನ್ನು ಹೇಗೋ ಮುಗಿಸುತ್ತಿದ್ದಳು. ಮೂರನೆಯದು ಬಂದಾಗ ಒಂದು ಉಳಿಯಿತು. ಮರುದಿನ ಮತ್ತೊಂದು. ಹೀಗೆ ರಾಶಿ ಬೆಳೆಯಿತು, ಯಾರಿಗೂ ಕಾಣದೆ. ಆ ರಾಶಿಯ ಮೇಲೆ ನಾಲ್ಕನೆಯದನ್ನು ನಾನು ಹಾಕಿದೆ. ಹೊರಗಿನಿಂದ ಇದು ಗೊತ್ತಾಗುವುದಿಲ್ಲ. ತೂಕದಲ್ಲಿಲ್ಲ, ವಯಸ್ಸಿನಲ್ಲಿಲ್ಲ. ರೋಗಿ ಹೇಳಿದ್ದನ್ನು ಕೇಳಿಸಿಕೊಂಡರೆ ಮಾತ್ರ ಗೊತ್ತಾಗುತ್ತದೆ. ನೀನು ಹೇಳಿದ್ದೆ. ಮೆಟ್ಟಿಲು, ಸೂಜಿ, ಎರಡೆರಡು ಬಸ್ಸು, ಎಲ್ಲವನ್ನೂ ಹೇಳಿದ್ದೆ. ನಿನ್ನ ಮೈ ಬೇರೆಯೇ ಎಂದೂ ಕೇಳಿದ್ದೆ. ಹೌದು, ಅಕ್ಕ. ಬೇರೆ.

ಇದನ್ನೇ ಪರೀಕ್ಷೆಯಲ್ಲಿ ಬರೆದು ಮೊದಲಿಗಳಾದೆ.

ಎರಡು ಬರೆದದ್ದು ಅವರು. ಮೂರು ನನ್ನದು. ನಾಲ್ಕು ನನ್ನದು. ಅಪ್ಪನಿಗೂ ಅವ್ವನಿಗೂ ಈ ಪತ್ರ ಓದಿ ಹೇಳು. ದೇವರ ಗೂಡಿನಿಂದ ನನ್ನ ಆ ಹಳೆಯ ಪತ್ರವನ್ನು ತೆಗೆಸು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ.

ಚೇತನಾ

*

ಲಗ್ಗೆರೆ
11 ಜುಲೈ 2004

ಚೇತನಾ ಅವರೆ,

ನಾನು ಲತಾ, ಮುನಿಲಕ್ಷ್ಮಮ್ಮನವರ ಸೊಸೆ. ನಿಮ್ಮಕ್ಕ ಹೇಳ್ತಾರೆ, ನಾನು ಬರೀತಾ ಇದೀನಿ. ಅವರ ಮಾತು ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕು, ಅದಕ್ಕೇ ಇಷ್ಟು ತಡ ಆಯ್ತು. ನನ್ನ ಅಕ್ಷರ ಕೋಳಿ ಕಾಲು, ಬೈಕೋಬೇಡಿ.

ನಿಮ್ಮ ಪತ್ರ ನಾನೇ ಓದಿ ಹೇಳ್ದೆ. ಕಣ್ಣು ನಿಲ್ಲಲ್ಲ ಅವರಿಗೆ, ಸಾಲು ಓಡಾಡುತ್ತಂತೆ. ಎರಡು ಸಲ ಓದಿಸಿದ್ರು. ಅಪ್ಪನಿಗೂ ಅವ್ವನಿಗೂ ಓದ್ಲಾ ಅಂದೆ. ಬೇಡ ಅಂದ್ರು. ದೇವರ ಗೂಡಿನದು ಅಲ್ಲೇ ಇದೆ. ನಿಮ್ಮವ್ವ ಈಗಲೂ ಅದಕ್ಕೆ ಕುಂಕುಮ ಇಡ್ತಾರೆ. ತೆಗೆಯೋದು ಬೇಡ್ವಂತೆ.

ಇಲ್ಲಿಯ ವಿಷಯ ಬರಿ, ಸುಳ್ಳು ಬರೀಬೇಡ ಅಂದಿದ್ದಾರೆ. ಅದಕ್ಕೆ ಬರೀತೀನಿ. ಬಚ್ಚಲಿಗೆ ಹೋಗೋಕೆ ಅಪ್ಪ ಗೋಡೆ ಉದ್ದಕ್ಕೂ ಹಗ್ಗ ಕಟ್ಟಿದ್ದಾರೆ. ಊಟ ಅವ್ವನೇ ಮಾಡಿಸ್ಬೇಕು, ತುತ್ತು ಬಾಯಿ ತಪ್ಪುತ್ತೆ. ಬೈರಪ್ಪ ಮಾವ ದಿನಾ ಹಾಲು ತಂದು ಕೊಟ್ಟು ಕೂತ್ಕೋತಾರೆ, ತಲೆ ಎತ್ತಿ ನೋಡಲ್ಲ. “ನಂಗೆ ಹಿಡಿದಿದ್ದು ಈ ಮಗೀಗೆ ಯಾಕ್ ಹಿಡೀಲಿಲ್ಲ” ಅಂತ ಮನೇಲಿ ಅಳ್ತಾರೆ. ತಾನು ಮೂರು ಅಂತ ಜಂಬ ಕೊಚ್ಕೊಂಡಿದ್ದಕ್ಕೆ ದೃಷ್ಟಿ ಆಯ್ತು ಅನ್ನೋದು ಅವರ ನಂಬಿಕೆ.

ಮಷೀನಿನ ಮೇಲೆ ಬಟ್ಟೆ ಹೊದಿಸಿದ್ದಾರೆ. ನನ್ನ ಬ್ಲೌಸು ಅದರೊಳಗೇ ಇದೆ, ಒಂದು ತೋಳು ಹಂಗೇ ಬಾಕಿ. ಬೇರೆ ಟೈಲರ್ ಹತ್ರ ಮುಗಿಸ್ಲಾ ಅಕ್ಕ ಅಂತ ಬಾಯಿ ತಪ್ಪಿ ಕೇಳ್ಬಿಟ್ಟೆ. ಅವತ್ತು ಒಂದೇ ದಿನ ಅವರು ಅತ್ತಿದ್ದು. ಇನ್ನು ಕೇಳಲ್ಲ.

ಈಗ ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ.

“ಚೇತೂ, ನೀನು ಬರೆದ ಉತ್ತರ ಅರ್ಥವಾಯಿತು. ಚೆಕಿಂಗ್ ಟೇಬಲ್ ಅಂದೆಯಲ್ಲ, ಆಗ ಅರ್ಥವಾಯಿತು. ಇನ್ನು ಯಾರಾದರೂ ಕೇಳಿದರೆ ನಾನೇ ಹೇಳಬಲ್ಲೆ. ಮೊದಲೇ ಹೀಗೆ ಹೇಳಿದ್ದರೆ ಚೆನ್ನಾಗಿತ್ತು. ಓದು ಬಿಡಬೇಡ. ನಿನ್ನ ‘ಳ’ ಹೇಗಿದೆ ಎಂದು ಲತಾಳನ್ನು ಕೇಳಿದೆ. ಚೆನ್ನಾಗಿದೆ ಅಂದಳು.”

ಅಷ್ಟೇ ಅಂದ್ರು. ಆಮೇಲೆ ಪೆನ್ನು ಕೊಡು ಅಂದ್ರು. ಹೆಸರು ಬರೀತೀರಾ ಅಂದೆ. ತಲೆ ಅಲ್ಲಾಡಿಸಿದ್ರು. ಹಾಳೆ ಜಾರದ ಹಾಗೆ ನಾನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. ಕೆಳಗಡೆ ಕಾಗದ ಹರಿದಿದೆಯಲ್ಲ, ಅದು ಅಂಚೆಯಲ್ಲಿ ಹರಿದಿದ್ದಲ್ಲ. ಆ ಗೆರೆ ನನ್ನ ಮಗು ಗೀಚಿದ್ದೂ ಅಲ್ಲ. ಅದು ಸರಿ ಗುರುತು, ಅಕ್ಕನೇ ಹಾಕಿದ್ದು. ಬಾಲ ಅಂಚಿಗೆ ಮುಟ್ಟಿತಾ ಅಂತ ಕೇಳಿದ್ರು. ಮುಟ್ಟಿತು ಅಂದೆ. ಅಂಚು ದಾಟಿ ನಮ್ಮ ಚಾಪೆ ಮೇಲೂ ಹೋಗಿದೆ.

ಲತಾ